ಡಿಕ್ಕಿ ಹೊಡೆದ ಗೋಲಕ್ಕೆ ಶಕ್ತಿ ಕೊಟ್ಟವರಾರು?

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಹೆಚ್ಚಿನವರು ಇಲ್ಲಿನ ಕನ್ನಡದ ಮನೆಗಳವರೇ. ಚಾರ್ಜ್ ಇರುವ ಗೋಲಗಳ ಲೆಕ್ಕ ಗೈಡುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೂ ನಾನೇ ಕಟ್ಟಿದ ಒಂದು ಲೆಕ್ಕವನ್ನು ಪ್ರತಿ ಬ್ಯಾಚಿಗೂ ಕೊಡುತ್ತೇನೆ.

ಎರಡು ಲೋಹದ ಗೋಲ. ಒಂದೊಂದೂ 10 ಗ್ರಾಂ, ತ್ರಿಜ್ಯ 1 ಸೆಂ.ಮೀ. ಒಂದರಲ್ಲಿ +6, ಇನ್ನೊಂದರಲ್ಲಿ −2 ಮೈಕ್ರೊಕೂಲಂ ಚಾರ್ಜ್. ಕೇಂದ್ರಗಳ ನಡುವೆ 1 ಮೀಟರ್ ಇಟ್ಟು ಸುಮ್ನೆ ಬಿಡುವುದು. ಗುರುತ್ವ, ಘರ್ಷಣೆ ಲೆಕ್ಕಕ್ಕಿಲ್ಲ. ಡಿಕ್ಕಿಯಲ್ಲಿ ವೇಗ ಕಡಿಮೆಯಾಗುವುದಿಲ್ಲ. ಮುಟ್ಟುವಾಗ ವೇಗ ಎಷ್ಟು, ಮತ್ತೆ 1 ಮೀಟರ್ ದೂರವಾದಾಗ ಎಷ್ಟು? ಗೋಲಗಳ ನಡುವಿನ ಶಕ್ತಿ kq₁q₂/r: k ಕೂಲಂ ಸ್ಥಿರಾಂಕ, q₁, q₂ ಚಾರ್ಜ್‌ಗಳು, r ಕೇಂದ್ರಗಳ ನಡುವಿನ ದೂರ.

ಕೆಲವರು ಗೋಲಗಳು ಮುಟ್ಟಿದಾಗ ದೂರ ಸೊನ್ನೆ ಅಂತ ಬರೆಯುತ್ತಾರೆ. ಕೇಂದ್ರಗಳು ಆಗಲೂ 2 ಸೆಂ.ಮೀ. ದೂರದಲ್ಲೇ ಇರುತ್ತವಲ್ವಾ? ಅದನ್ನು ಹಾಕಿದರೆ ಚಲನಶಕ್ತಿ ಒಟ್ಟು 5.29 ಜೂಲ್. ತೂಕ ಸಮ, ಆದ್ದರಿಂದ ಇಬ್ಬರಿಗೂ ಅರ್ಧರ್ಧ. ವೇಗ ಸೆಕೆಂಡಿಗೆ 23 ಮೀಟರ್. ಮುಟ್ಟಿದ ಮೇಲೆ ಚಾರ್ಜ್ ಹಂಚಿಹೋಗಿ ಎರಡಕ್ಕೂ +2. ಈಗ ಒಂದನ್ನೊಂದು ತಳ್ಳುತ್ತವೆ. ಮತ್ತೆ 1 ಮೀಟರ್ ದೂರಕ್ಕೆ ಬರುವಷ್ಟರಲ್ಲಿ ವೇಗ 26.6.

ಗೈಡುಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ನಾನು ಮಾತ್ರ ಮೊದಲಿನ, ಕೊನೆಯ ಒಟ್ಟು ಶಕ್ತಿ (ಚಲನಶಕ್ತಿ, ನಡುವಿನ ಶಕ್ತಿ ಎರಡೂ) ಕೂಡಿಸಿ ಎನ್ನುತ್ತೇನೆ. ಮೊದಲು −0.108 ಜೂಲ್, ಕೊನೆಗೆ +7.092. ಕ್ಲಾಸು ಗೊಂದಲದಲ್ಲಿ ಬೀಳುತ್ತದೆ. ಒಬ್ಬಳು ಹುಡುಗಿ ಒಮ್ಮೆ ಕೇಳಿಯೇಬಿಟ್ಟಳು: “ಸರ್, 7.2 ಜೂಲ್ ಪುಕ್ಕಟೆ ಸಿಕ್ತಾ?”

ಪುಕ್ಕಟೆ ಏನೂ ಇಲ್ಲ. ನಾವು ಕೂಡಿಸಿದ್ದು ಚಲನಶಕ್ತಿ ಮತ್ತು ಎರಡು ಗೋಲಗಳ ನಡುವಿನ ಶಕ್ತಿಯನ್ನು ಮಾತ್ರ. ಒಂದೊಂದು ಗೋಲಕ್ಕೂ ಚಾರ್ಜ್ ತುಂಬಲು ಖರ್ಚಾದ ಸ್ವಂತ ಶಕ್ತಿ ಬೇರೆ ಇದೆ, kq²/2R (q ಆ ಗೋಲದ ಚಾರ್ಜ್, R ತ್ರಿಜ್ಯ). ಮುಟ್ಟುವ ಮೊದಲು ಅದು ಒಟ್ಟು 18 ಜೂಲ್, ಆಮೇಲೆ 3.6. ಇಳಿದದ್ದು 14.4. ಅದರಲ್ಲಿ 7.2 ಗೋಲಗಳನ್ನು ಓಡಿಸಿತು. ಉಳಿದ 7.2 ಕಿಡಿ, ಬಿಸಿಯಾಗಿ ಹೋಯಿತು. ಒಂದೇ ಅಳತೆಯ ಗೋಲಗಳಿದ್ದರೆ ಚಾರ್ಜ್ ಎಷ್ಟೇ ಇರಲಿ, ಈ ಲೆಕ್ಕದಲ್ಲಿ ಪಾಲು ಸರಿಯಾಗಿ ಅರ್ಧರ್ಧವೇ. ಅದನ್ನು q₁, q₂ ಇಟ್ಟು ಸಾಧಿಸುವುದು ಅವರ ಹೋಮ್‌ವರ್ಕ್. ಹತ್ತಿರ ಬಂದಾಗ ಲೋಹದ ಮೇಲೆ ಚಾರ್ಜ್ ಸರಿದಾಡುತ್ತದೆ. ಅದನ್ನು ನಾವು ಬಿಟ್ಟಿದ್ದೇವೆ ಅಂತ ಹೇಳಿಯೇ ಮುಂದೆ ಹೋಗುತ್ತೇನೆ.

ಇನ್ನೊಂದು ತಕರಾರು ನನ್ನದೇ. ಗೈಡುಗಳು ಮೈಕ್ರೊಕೂಲಂಗಳನ್ನು ಕಡಲೆಪುರಿಯಂತೆ ಹಂಚುತ್ತವೆ! ಗಾಳಿ ತಡೆಯುವುದು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್, ಅದು ಮೀರಿದರೆ ಚಾರ್ಜ್ ಗಾಳಿಗೆ ಹರಿದುಹೋಗುತ್ತದೆ. ಹಾಗಾಗಿ 1 ಸೆಂ.ಮೀ. ತ್ರಿಜ್ಯದ ಗೋಲದಲ್ಲಿ 33 ನ್ಯಾನೊಕೂಲಂಗಿಂತ ಜಾಸ್ತಿ ನಿಲ್ಲುವುದಿಲ್ಲ. ನಮ್ಮ ಲೆಕ್ಕದ 6 ಮೈಕ್ರೊಕೂಲಂ ಅದರ 180 ಪಟ್ಟು. ಹಾಗಾಗಿ ಇದೇ ಲೆಕ್ಕವನ್ನು +30, −10 ನ್ಯಾನೊಕೂಲಂ ಇಟ್ಟು ಇನ್ನೊಮ್ಮೆ ಮಾಡಿಸುತ್ತೇನೆ. ಡಿಕ್ಕಿಯ ವೇಗ ಸೆಕೆಂಡಿಗೆ 11.5 ಸೆಂ.ಮೀ.ಗೆ ಇಳಿಯುತ್ತದೆ.