ಹತ್ತರಿಂದ ಹದಿನೆಂಟಕ್ಕೆ: ನನ್ನ ವೈಡ್ ಲೆನ್ಸ್ ಹುಡುಕಾಟ

ಮೊದಲ ವೈಡ್ ಲೆನ್ಸನ್ನು ನಾನು ಲೆಕ್ಕ ಹಾಕಿಯೇ ಕೊಂಡಿದ್ದೆ. ಆ ಲೆಕ್ಕವನ್ನು ತಲೆಕೆಳಗಾಗಿ ಓದಿಕೊಂಡಿದ್ದೆ ಎಂದು ತಿಳಿಯಲು ಆರು ತಿಂಗಳು ಹಿಡಿಯಿತು.

ನನ್ನದು ಎಪಿಎಸ್-ಸಿ ಎಂಬ, 35 ಎಂಎಂ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕ ಅಳತೆಯ ಸೆನ್ಸರಿನ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಜೊತೆಗೆ ಬಂದದ್ದು 18–55ರ ಕಿಟ್ ಝೂಮ್ (ಸಂಖ್ಯೆಗಳು ಲೆನ್ಸಿನ ಫೋಕಲ್ ಲೆಂತ್, ಎಂಎಂನಲ್ಲಿ. ಅದು ಕಡಿಮೆಯಾದಷ್ಟೂ ನೋಟ ಅಗಲ). ಪ್ರತಿ ಫೋಟೋದ ಒಳಗೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದದ್ದು ಎಂಬುದು ದಾಖಲಾಗಿರುತ್ತದಲ್ಲ, ಒಂದು ಭಾನುವಾರ ಕೂತು ಇಡೀ ವರ್ಷದ ಫೋಟೋಗಳನ್ನು ಆ ಪ್ರಕಾರ ವಿಂಗಡಿಸಿದೆ. ಅರ್ಧಕ್ಕಿಂತ ಹೆಚ್ಚು 18ರಲ್ಲಿದ್ದವು. ಸರಿ, ನನಗೆ 18 ಸಾಲುತ್ತಿಲ್ಲ, ಇನ್ನೂ ಅಗಲ ಬೇಕು ಎಂದುಕೊಂಡು 10–18ರ ಅಲ್ಟ್ರಾವೈಡ್ ಝೂಮ್ ತಂದೆ.

ಮೊದಲ ವಾರ ಹಬ್ಬ. ಕೋಣೆಯ ಮೂಲೆಯಲ್ಲಿ ನಿಂತರೆ ಮೂರು ಗೋಡೆ ಒಟ್ಟಿಗೆ ಸಿಗುತ್ತಿತ್ತು, ಮೋಡಗಳು ಫ್ರೇಮಿನ ಮೂಲೆಗಳಿಂದ ಹಾರಿಬಂದಂತೆ ಕಾಣುತ್ತಿದ್ದವು. ಆಮೇಲೆ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ 10ರಲ್ಲಿ ಒಂದು ಗ್ರೂಪ್ ಫೋಟೋ ತೆಗೆದೆ. ತುದಿಯಲ್ಲಿ ನಿಂತಿದ್ದ ಚಿಕ್ಕಮ್ಮ ಪರದೆಯ ಮೇಲೆ ನೋಡಿ, "ಯಾಕೋ, ನನ್ನ ಮೇಲೆ ಏನು ಸಿಟ್ಟಿತ್ತು ನಿಂಗೆ?" ಅಂದರು. ಅವರ ತಲೆ ಉರುಟಾಗಿರದೆ ಅಡ್ಡಕ್ಕೆ ಎಳೆದ ಹಿಟ್ಟಿನ ಉಂಡೆಯ ಹಾಗಿತ್ತು. ಲೆನ್ಸ್ ಕೆಟ್ಟಿರಲಿಲ್ಲ. ನೇರ ಗೆರೆಗಳನ್ನು ನೇರವಾಗಿಯೇ ತೋರಿಸುವ ಲೆನ್ಸು ಅದಕ್ಕೆ ತೆರುವ ಸುಂಕ ಇದು: ಅಂಚಿಗೆ ಹೋದಷ್ಟೂ ದುಂಡಗಿನ ವಸ್ತುಗಳು ಹೊರಕ್ಕೆ ಹಿಗ್ಗುತ್ತವೆ. ನನ್ನ ಸೆನ್ಸರಿನಲ್ಲಿ 10 ಎಂಎಂ ಹಾಕಿದರೆ ಎಡ ಬಲದ ತುದಿಯಲ್ಲಿರುವ ತಲೆ ಸುಮಾರು ಒಂದೂವರೆ ಪಟ್ಟು ಅಗಲವಾಗುತ್ತದೆ. 18ರಲ್ಲಿ ಹಿಗ್ಗುವುದು ಐದನೇ ಒಂದು ಭಾಗದಷ್ಟು, ಹೇಳಿದರೆ ಮಾತ್ರ ಕಾಣುವಷ್ಟು. ಅಂದಿನಿಂದ ಯಾವ ವೈಡ್ ಲೆನ್ಸಿನಲ್ಲೂ ಮುಖಗಳನ್ನು ಅಂಚಿಗೆ ತಳ್ಳುವುದಿಲ್ಲ. ಅಲ್ಲಿ ಗಿಡವೋ ಬಾಗಿಲೋ ಇರಲಿ, ಅವು ದೂರು ಹೇಳುವುದಿಲ್ಲ.

ಆದರೆ ಆ ಲೆನ್ಸನ್ನು ಕೈಬಿಡುವಂತೆ ಮಾಡಿದ್ದು ಚಿಕ್ಕಮ್ಮನ ತಲೆಯಲ್ಲ, ನೆಲ. ಯಾವ ಫೋಟೋ ತೆರೆದರೂ ಕೆಳಗಿನ ಅರ್ಧ ಖಾಲಿ ನೆಲ, ನಡುವೆ ಎಲ್ಲೋ ಸಣ್ಣದಾಗಿ ಮನುಷ್ಯ. ಪ್ರತಿ ಸಲವೂ ಕ್ರಾಪ್ ಮಾಡುತ್ತಿದ್ದೆ. 10ರಲ್ಲಿ ತೆಗೆದದ್ದನ್ನು 18ರ ಅಗಲಕ್ಕೆ ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಏಳು ಚಿಲ್ಲರೆ. ಅಷ್ಟೊಂದು ಎಸೆಯುವುದಕ್ಕೆ ಇಷ್ಟು ಭಾರ ಹೊರಬೇಕೆ?

ಆಗ ಹಳೆಯ ವಿಂಗಡಣೆಯನ್ನು ಮತ್ತೆ ತೆರೆದೆ. 18ರಲ್ಲಿ ತೆಗೆದ ಆ ಅರ್ಧಕ್ಕಿಂತ ಹೆಚ್ಚು ಫೋಟೋಗಳಲ್ಲಿ ಬಹಳಷ್ಟನ್ನು ನಾನೇ ಆಮೇಲೆ ಕತ್ತರಿಸಿದ್ದೆ! ಬ್ಯಾಗಿಗೆ ಹಾಕುವ ಮೊದಲು ಝೂಮನ್ನು 18ಕ್ಕೆ ತಿರುಗಿಸಿಡುವುದು ನನ್ನ ಅಭ್ಯಾಸ. ಹೊರತೆಗೆದು ಕಣ್ಣಿಗಿಟ್ಟು ಹಾಗೇ ಒತ್ತಿಬಿಡುತ್ತಿದ್ದೆ. ಅಗಲದ ಹಸಿವು ಎಂದು ನಾನು ಓದಿಕೊಂಡದ್ದು ಬರೀ ಸೋಮಾರಿತನ. ಕತ್ತರಿಸದೆ ಉಳಿದಿದ್ದ ಫೋಟೋಗಳಲ್ಲಿ ಒಂದು ಸಾಮ್ಯ ಕಂಡಿತು: ಅವೆಲ್ಲವನ್ನೂ ಎದುರಿನವರಿಂದ ಒಂದೂವರೆ ಮೀಟರಿನೊಳಗೆ ನಿಂತು ತೆಗೆದಿದ್ದೆ. ಯಾರಾದರೂ ಇಂಥ ಲೆಕ್ಕ ಹಾಕುವುದಾದರೆ ಎಂಎಂ ಎಣಿಸಿ ನಿಲ್ಲಿಸಬೇಡಿ, ಕ್ರಾಪ್ ಆದದ್ದನ್ನೂ ಎಣಿಸಿ.

ಮುಂದೆ ಮಾಡಿದ್ದಕ್ಕೆ ಖರ್ಚೇ ಇಲ್ಲ. ಕಿಟ್ ಝೂಮಿನ ರಿಂಗಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಎರಡು ವಾರ 18ರಲ್ಲಿ, ಎರಡು ವಾರ 23ರಲ್ಲಿ ಕಟ್ಟಿಹಾಕಿದೆ. 35 ಎಂಎಂ ಫಿಲ್ಮಿನ ಭಾಷೆಯಲ್ಲಿ, ಅಂದರೆ ಫುಲ್‌ಫ್ರೇಮ್ ಲೆಕ್ಕದಲ್ಲಿ, ಒಂದೂವರೆಯಿಂದ ಗುಣಿಸಿದರೆ ಇವು 27 ಮತ್ತು ಸುಮಾರು 35. ಕೋನದ ಡಿಗ್ರಿಗಳು ನನ್ನ ತಲೆಗೆ ಎಂದೂ ಹತ್ತಿದ್ದಿಲ್ಲ, ಹಾಗಾಗಿ ಬೇರೆ ಅಳತೆ ಇಟ್ಟುಕೊಂಡೆ. ಸೆನ್ಸರಿನ ಅಗಲ 23.5 ಎಂಎಂ. ಅದನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಬಂದದ್ದನ್ನು ನಾನು ನಿಂತ ದೂರದಿಂದ ಗುಣಿಸಿದರೆ ಫ್ರೇಮಿನೊಳಗೆ ಎಷ್ಟು ಅಗಲ ಹಿಡಿಯುತ್ತದೆ ಎಂಬುದು ಸಿಗುತ್ತದೆ. 23ರಲ್ಲಿ ಇದು ಬಾಯಿಲೆಕ್ಕ: ಎಷ್ಟು ದೂರವೋ ಅಷ್ಟೇ ಅಗಲ. ಮೂರು ಮೀಟರ್ ದೂರದ ಗೋಡೆಯಲ್ಲಿ ಮೂರು ಮೀಟರ್ ಹಿಡಿಯುತ್ತದೆ. ಅದೇ ಜಾಗದಿಂದ 18ರಲ್ಲಿ ಹತ್ತಿರಹತ್ತಿರ ನಾಲ್ಕು ಮೀಟರ್, 16ರಲ್ಲಿ ನಾಲ್ಕೂವರೆಗೆ ಸ್ವಲ್ಪ ಕಡಿಮೆ, 10ರಲ್ಲಿ ಏಳು. ನಿಮ್ಮ ನಿತ್ಯದ ಫೋಟೋಗಳು ಹುಟ್ಟುವ ಕೋಣೆಯನ್ನು ಒಮ್ಮೆ ಟೇಪಿನಲ್ಲಿ ಅಳೆದು ನೋಡಿ, ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

23 ಹಾಯಾಗಿತ್ತು. ನೋಡಿದ್ದು ನೋಡಿದ ಹಾಗೇ ಬರುತ್ತಿತ್ತು. ಆದರೆ ಮನೆಯೊಳಗೆ ಬೆನ್ನು ಗೋಡೆಗೆ ಹತ್ತುತ್ತಿತ್ತು, ಮತ್ತು ಓದುತ್ತ ಕೂತ ಅಮ್ಮನ ಜೊತೆಗೆ ಕಿಟಕಿಯೂ ಬೇಕೆಂದರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತಿತ್ತು. 18 ಹಾಗಲ್ಲ, ಅದು ಜಗಳಗಂಟಿ. ನಾಲ್ಕು ಹೆಜ್ಜೆ ದೂರ ನಿಂತರೆ ಎಲ್ಲ ಚಿಕ್ಕದಾಗಿ ಚೆಲ್ಲಾಪಿಲ್ಲಿ. ಒಂದು ಹೆಜ್ಜೆ ಹತ್ತಿರ ಹೋದೆನೋ, ಎದುರಿನವರು ದೊಡ್ಡದಾಗಿ ಮುಂದೆ ಬಂದು ಅವರ ಹಿಂದಿನ ಬದುಕೆಲ್ಲ ತನ್ನ ಪಾಡಿಗೆ ಕಾಣುತ್ತಿತ್ತು. ಎರಡನೇ ವಾರದ ಕೊನೆಗೆ ಕಾಲು ತಾನಾಗಿ ಮುಂದೆ ಹೋಗತೊಡಗಿತು. ನನಗೆ ಬೇಕಾದದ್ದು ಅದೇ.

ಒಂದು ಅನುಮಾನ ಉಳಿದಿತ್ತು: ವೈಡ್‌ನಲ್ಲಿ ಮೂಗು ದೊಡ್ಡದಾಗುತ್ತದೆ ಎನ್ನುತ್ತಾರಲ್ಲ? ಗೆಳೆಯನನ್ನು ಕುರ್ಚಿಯಲ್ಲಿ ಕೂರಿಸಿ, ನಾನು ನಿಂತ ಜಾಗ ಬದಲಿಸದೆ 18ರಲ್ಲೊಂದು, 35ರಲ್ಲೊಂದು ತೆಗೆದೆ. ಎರಡರಲ್ಲೂ ಅವನ ಮುಖ ಫ್ರೇಮಿನ ನಡುವೆಯೇ ಇತ್ತು. 18ರದ್ದನ್ನು ಕತ್ತರಿಸಿ ಪಕ್ಕಪಕ್ಕ ಇಟ್ಟರೆ ಮೂಗು, ಕಿವಿ, ಹಿಂದಿನ ಕಪಾಟು ಎಲ್ಲದರ ಪ್ರಮಾಣ ಒಂದೇ. ಮೂಗನ್ನು ಹಿಗ್ಗಿಸುವುದು ದೂರ, ಲೆನ್ಸಲ್ಲ. ವೈಡ್ ಹಾಕಿದಾಗ ನಾವು ಮುಖಕ್ಕೆ ಅರ್ಧ ಮೀಟರ್ ಹತ್ತಿರ ಹೋಗಿಬಿಡುತ್ತೇವೆ, ಅಷ್ಟೆ. ಒಂದು ಮೀಟರಿಗಿಂತ ಹತ್ತಿರದಿಂದ ಮುಖ ತೆಗೆಯುವುದಿಲ್ಲ ಎಂದು ನನಗೆ ನಾನೇ ಗೆರೆ ಎಳೆದುಕೊಂಡೆ (ತಂಗಿಯ ಮಗಳಿಗೆ ವಿನಾಯಿತಿ, ಅವಳಿಗೆ ದೊಡ್ಡ ಮೂಗೇ ಬೇಕು).

ಇಷ್ಟರಲ್ಲಿ ಒಂದು ಪೆದ್ದುತನವೂ ನಡೆಯಿತು. ಬೀದಿ ಫೋಟೋಗಳಿಗೆ ಹೆಸರಾದ ಗ್ಯಾರಿ ವಿನೋಗ್ರಾಂಡ್ 28 ಎಂಎಂ ಹಿಡಿದು ತಿರುಗಿದವರು ಎಂದು ಓದಿದ್ದೇ, ಪರಿಚಯದವರೊಬ್ಬರ ಬಳಿಯಿದ್ದ ಹಳೆಯ ಫಿಲ್ಮ್ ಕಾಲದ 28ನ್ನು ಅಡಾಪ್ಟರ್ ಹಾಕಿ ಸಿಕ್ಕಿಸಿಕೊಂಡೆ. ಅಗಲ ಎಲ್ಲಿ? ಅವರ 28 ಇದ್ದದ್ದು 36×24ರ ಫಿಲ್ಮಿನ ಮೇಲೆ, ನನ್ನ ಸೆನ್ಸರಿನಲ್ಲಿ ಅದು 42. ಗುಣಾಕಾರ ಗೊತ್ತಿದ್ದೂ ಬಿದ್ದೆ. ಅದು ಗಾತ್ರದಲ್ಲೂ ನನ್ನ ನಿರೀಕ್ಷೆಗಿಂತ ದಪ್ಪ. ಎಸ್‌ಎಲ್‌ಆರ್‌ನಲ್ಲಿ (ಲೆನ್ಸಿನ ಹಿಂದಿನ ಕನ್ನಡಿಯ ಮೂಲಕ ನೋಡಿ ತೆಗೆಯುವ ಕ್ಯಾಮೆರಾದಲ್ಲಿ) ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಏಳಲು ಜಾಗ ಬೇಕು. ಹಾಗಾಗಿ ವೈಡ್ ಲೆನ್ಸು ತನ್ನ ಎಂಎಂಗಿಂತ ದೂರ ನಿಂತು ಚಿತ್ರ ಮೂಡಿಸಬೇಕು. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ 35 ಎಂಎಂ ಲೆನ್ಸಿನಲ್ಲಿ ತಂದ ರೆಟ್ರೋಫೋಕಸ್ ಅದಕ್ಕೆ ಹೂಡಿದ ಉಪಾಯ: ಮುಂದೆ ದೊಡ್ಡದೊಂದು ಚೆದುರಿಸುವ ಗಾಜು, ಅದರ ಹಿಂದೆ ಉಳಿದವು. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲದ್ದರಿಂದ ಝೂಮ್ ಆಗದೆ ಒಂದೇ ಎಂಎಂನಲ್ಲಿ ನಿಲ್ಲುವ ಪುಟ್ಟ ವೈಡ್ ಪ್ರೈಮ್‌ಗಳನ್ನು ಮಾಡುವುದು ಸುಲಭವಾಯಿತು. ನನ್ನ ಹುಡುಕಾಟ ಅತ್ತ ತಿರುಗಿದ್ದೂ ಹೀಗೆ.

18ರ ಪ್ರೈಮ್ ಎಂದು ನಿರ್ಧಾರವಾದ ಮೇಲೆ ಉಳಿದದ್ದು f/1.4ರ ಗುಂಡುಕಲ್ಲೋ f/2ರ ಬಿಸ್ಕತ್ತೋ ಎಂಬ ಪ್ರಶ್ನೆ. f ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು, ಬೆಳಕು ಹೆಚ್ಚು. ನಡುವಿನ ವ್ಯತ್ಯಾಸ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು: ಒಂದರಲ್ಲಿ ಬೆಳಕಿಗೆ ಸೆನ್ಸರಿನ ಸಂವೇದನೆ, ಅಂದರೆ ಐಎಸ್‌ಒ 1600 ಬೇಕಾದಲ್ಲಿ ಇನ್ನೊಂದರಲ್ಲಿ 3200. ಈಗಿನ ಸೆನ್ಸರಿಗೆ ಅದು ದೊಡ್ಡ ಮಾತಲ್ಲ. ಹಿನ್ನೆಲೆ ಮಸುಕಾಗಿಸುವ ಆಸೆಗೆ 18 ಎಂಎಂ ಹೇಗೂ ತಕ್ಕ ಲೆನ್ಸಲ್ಲ, ನಾನು ಬಯಸಿದ್ದು ಅದರ ತದ್ವಿರುದ್ಧ. f/8ರಲ್ಲಿ ಎರಡು ಮೀಟರಿಗೆ ಫೋಕಸ್ ಇಟ್ಟರೆ ಒಂದು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಫುಟ. ಹಗಲಲ್ಲಿ ಫೋಕಸಿನ ಗೊಡವೆಯೇ ಇಲ್ಲದೆ ಒತ್ತಬಹುದು. ಬಿಸ್ಕತ್ತನ್ನೇ ಆರಿಸಿದೆ. ಬ್ಯಾಗೇ ಬೇಡದೆ ಕತ್ತಿಗೆ ನೇತುಹಾಕಿಕೊಳ್ಳುವ ಲೆನ್ಸು ಮನೆಯಲ್ಲಿ ಉಳಿಯುವುದಿಲ್ಲ.

ಕೊಳ್ಳುವಾಗ ಎರಡು ಪರೀಕ್ಷೆಗಳನ್ನು ಮಾತ್ರ ಬಿಡದೆ ಮಾಡಿದೆ. ದೂರದ ಒಂದೇ ಕಟ್ಟಡವನ್ನು ಫ್ರೇಮಿನ ನಾಲ್ಕು ಮೂಲೆಗಳಲ್ಲೂ ಸರದಿಯಂತೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು ತೆಗೆದು ದೊಡ್ಡದು ಮಾಡಿ ನೋಡಿದೆ. ಎಲ್ಲ ಮೂಲೆಗಳೂ ಸಮವಾಗಿ ಕೊಂಚ ಮೃದುವಾಗಿದ್ದರೆ ಅದು ಲೆನ್ಸಿನ ಗುಣ. ಮೊದಲು ಬಂದ ಲೆನ್ಸಿನಲ್ಲಿ ಬಲಗಡೆಯ ಕೆಳಮೂಲೆ ಮಾತ್ರ ಕಲಸಿಹೋಗಿತ್ತು, ಅಂದರೆ ಒಳಗಿನ ಗಾಜು ಓರೆಯಾಗಿ ಕೂತಿದೆ. ಹಿಂತಿರುಗಿಸಿದೆ, ಎರಡನೆಯದು ಸರಿಯಿತ್ತು. ಇನ್ನೊಂದು ಪರೀಕ್ಷೆ ಉರಿಯುವ ದೀಪವನ್ನು ಫ್ರೇಮಿನ ಮೂಲೆಗೆ ತಂದು ನೋಡುವುದು. ವೈಡ್‌ನಲ್ಲಿ ಸೂರ್ಯನೋ ದೀಪವೋ ಬೇಡವೆಂದರೂ ಫ್ರೇಮಿಗೆ ನುಗ್ಗುತ್ತವೆ, ಅಡ್ಡಬೆಳಕು ತಡೆಯುವ ಹುಡ್ ಗಿಡ್ಡ, ಹೆಚ್ಚು ಕಾಯುವುದಿಲ್ಲ. ಆಗ ಚಿತ್ರವಿಡೀ ಹಾಲು ಚೆಲ್ಲಿದಂತೆ ಬೆಳ್ಳಗಾಗುವ ಲೆನ್ಸಿನ ಜೊತೆ ನಿತ್ಯ ಬಾಳುವುದು ಕಷ್ಟ.

ಬಳಸುವಾಗ ತುಸು ಕಾಡಿದ್ದು ಗೋಡೆ ಕಂಬಗಳು. ಕ್ಯಾಮೆರಾ ಸ್ವಲ್ಪ ಮೇಲಕ್ಕೆ ವಾಲಿದರೂ ಅವು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಪರದೆಯ ಲೆವೆಲ್ ಗೆರೆ ಹಾಕಿಕೊಂಡು, ಕ್ಯಾಮೆರಾವನ್ನು ಕಣ್ಣಿನಿಂದ ಎದೆಯ ಮಟ್ಟಕ್ಕೆ ಇಳಿಸಿದೆ. ಕೂತವರ ಫೋಟೋಗಳು ಅದರಿಂದಲೇ ಎಷ್ಟೋ ಸುಧಾರಿಸಿದವು.

ಅಲ್ಟ್ರಾವೈಡ್ ಝೂಮ್ ಮಾರಿಲ್ಲ, ಕಪಾಟಿನಲ್ಲಿದೆ. ಹೋದ ವರ್ಷ ಒಮ್ಮೆ ಮಾತ್ರ ಹೊರತೆಗೆದೆ: ಸುರುಳಿ ಮೆಟ್ಟಿಲೊಂದರ ಬುಡದಲ್ಲಿ ನಿಂತು, ಹಿಂದೆ ಸರಿಯಲು ಒಂದಡಿಯೂ ಇಲ್ಲದೆ, ನೇರ ಮೇಲಕ್ಕೆ ನೋಡಿ 10ರಲ್ಲಿ ತೆಗೆದೆ. ಅದೊಂದನ್ನು ಕತ್ತರಿಸಬೇಕಾಗಲಿಲ್ಲ.