ಸ್ಪೀಡ್ ಡೆನ್ಸಿಟಿನಾ, ಆಲ್ಫಾ-ಎನ್ನಾ, ಮ್ಯಾಫಾ? ಇಸಿಯು ಟ್ಯೂನಿಂಗ್‌ಗೆ ಕೂರೋ ಮುಂಚೆ ನೋಡ್ಕೊಳ್ಳಿ

ಹೊಸ ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್) ಲ್ಯಾಪ್‌ಟಾಪ್ ಚುಚ್ಚಿದ್ರೆ ಮೊದಮೊದಲೇ ಎದುರಾಗೋ ಸೆಟ್ಟಿಂಗ್ ಇದು, ಫ್ಯೂಯಲ್ ಲೆಕ್ಕ ಯಾವ ಮೆಥಡ್‌ನಲ್ಲಿ ಮಾಡ್ಲಿ ಅಂತ. ಹೆಸರು ನೋಡಿ ಗಾಬರಿ ಆಗ್ಬೇಡಿ, ಮೂರೂ ಹುಡುಕ್ತಿರೋದು ಒಂದನ್ನೇ: ಈ ಸಲ ಸಿಲಿಂಡರ್ ಒಳಗೆ ಎಷ್ಟು ಗಾಳಿ ಹೋಯ್ತು? ಅದು ಸಿಕ್ರೆ ಪೆಟ್ರೋಲ್ ಲೆಕ್ಕ ಬರೀ ಭಾಗಾಕಾರ.

ಸ್ಪೀಡ್ ಡೆನ್ಸಿಟಿ ಗಾಳಿನ ನೇರವಾಗಿ ಅಳೆಯಲ್ಲ, ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪ್) ಪ್ರೆಶರ್, ಗಾಳಿ ಟೆಂಪರೇಚರ್, ಆರ್‌ಪಿಎಂ ಮೂರನ್ನೂ ನೋಡಿ ಊಹಿಸುತ್ತೆ. 500 ಸಿಸಿ ಸಿಲಿಂಡರ್, 100 ಕೆಪಿಎ ಪ್ರೆಶರ್, 27 ಡಿಗ್ರಿ ಅಂದ್ಕೊಳ್ಳಿ, ಪೂರ್ತಿ ತುಂಬಿದ್ರೆ ಸುಮಾರು 0.58 ಗ್ರಾಂ ಗಾಳಿ ಹಿಡಿಯುತ್ತೆ, ಆದ್ರೆ ಇಂಜಿನ್ ಪೂರ್ತಿ ತುಂಬಲ್ವಲ್ಲ, ಅದಕ್ಕೇ ವಿಇ (ಸಿಲಿಂಡರ್ ನೂರಕ್ಕೆ ಎಷ್ಟು ತುಂಬುತ್ತೆ ಅನ್ನೋ ಲೆಕ್ಕ) ಟೇಬಲ್ ಇರೋದು. ವಿಇ 80 ಇದ್ರೆ 0.46 ಗ್ರಾಂ ಗಾಳಿ, ಒಂದು ಗ್ರಾಂ ಪೆಟ್ರೋಲ್‌ಗೆ 14.7 ಗ್ರಾಂ ಗಾಳಿ ಬೇಕು, ಹಾಗಾಗಿ 14.7ರಿಂದ ಭಾಗಿಸಿದ್ರೆ ಸುಮಾರು 32 ಮಿಲಿಗ್ರಾಂ ಪೆಟ್ರೋಲ್. ನಿಮಿಷಕ್ಕೆ 200 ಗ್ರಾಂ ಬಿಡೋ ಇಂಜೆಕ್ಟರ್ ಆದ್ರೆ ಒಂಬತ್ತೂವರೆ ಮಿಲಿಸೆಕೆಂಡ್ ತೆರೆದಿರ್ಬೇಕು, ಜೊತೆಗೆ ಡೆಡ್ ಟೈಮ್ (ಕರೆಂಟ್ ಬಂದ ಮೇಲೆ ಇಂಜೆಕ್ಟರ್ ತೆರೆಯೋಕೆ ಹಿಡಿಯೋ ಹೊತ್ತು). ಟರ್ಬೋ ಇದ್ರೆ ನನ್ನ ಓಟು ಇದಕ್ಕೇ. ತೊಂದ್ರೆ ಏನಂದ್ರೆ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್) ಬದಲಾಯಿಸಿದ್ರೆ ವಿಇ ಟೇಬಲ್ ಮತ್ತೆ ಮಾಡ್ಬೇಕು, ಎಕ್ಸಾಸ್ಟ್ ಬದಲಾಯಿಸಿದ್ರೂ ಹೆಚ್ಚುಕಮ್ಮಿ ಅದೇ ಗತಿ.

ಆಲ್ಫಾ-ಎನ್ ಇನ್ನೂ ಸಿಂಪಲ್, ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು, ಅಷ್ಟೇ. ಪ್ರತಿ ಸಿಲಿಂಡರ್‌ಗೂ ಬೇರೆ ಥ್ರಾಟಲ್ ಬಾಡಿ ಇದ್ರೆ, ಇಲ್ಲಾ ಕ್ಯಾಮ್ ತುಂಬಾ ದೊಡ್ಡದಾಗಿ ಐಡಲ್‌ನಲ್ಲಿ ಮ್ಯಾಪ್ (ಮ್ಯಾನಿಫೋಲ್ಡ್ ಪ್ರೆಶರ್) ಸೆನ್ಸರ್ ಕುಣೀತಾ ಇದ್ರೆ ಇದೇ ಗತಿ. ಥ್ರಾಟಲ್ ಮೊದಲ 20 ಪರ್ಸೆಂಟ್ ತೆರೆಯೋವಾಗ್ಲೇ ಗಾಳಿ ಜಾಸ್ತಿ ಬದಲಾಗೋದು, ಹಾಗಾಗಿ ಟೇಬಲ್‌ನ ಹೆಚ್ಚಿನ ಸಾಲುಗಳನ್ನ ಅಲ್ಲೇ ಇಡಿ, 0, 10, 20, 30 ಅಂತ ಸಮವಾಗಿ ಹಂಚಿದ್ರೆ ಸಣ್ಣ ಥ್ರಾಟಲ್‌ನಲ್ಲಿ ಗಾಡಿ ಜಗ್ಗುತ್ತೆ. ಬೆಟ್ಟ ಹತ್ತಿದ್ರೆ ಗಾಳಿ ತೆಳುವಾಗಿದ್ದು ಇದಕ್ಕೆ ಗೊತ್ತಾಗಲ್ಲ, ಬ್ಯಾರೋ (ಹೊರಗಿನ ಗಾಳಿ ಒತ್ತಡದ) ಕರೆಕ್ಷನ್ ಬೇಕೇ ಬೇಕು. ಟರ್ಬೋಗೆ ಬರೀ ಇದನ್ನ ನಂಬ್ಕೋಬೇಡಿ, ಅದೇ ಥ್ರಾಟಲ್‌ಗೆ ಬೂಸ್ಟ್ (ಟರ್ಬೋ ತಳ್ಳೋ ಒತ್ತಡ) ಬೇರೆ ಬೇರೆ ಇರುತ್ತೆ.

ಮ್ಯಾಫ್ ಅಂದ್ರೆ ಗಾಳಿ ಬರೋ ಪೈಪ್‌ನಲ್ಲಿ ಕೂರೋ ಸೆನ್ಸರ್, ಗಾಳಿಯ ತೂಕನೇ ಅಳೆಯುತ್ತೆ, ಸಣ್ಣಪುಟ್ಟ ಬದಲಾವಣೆಗೆ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಸೆನ್ಸರ್ ದಾಟಿದ ಮೇಲೆ ಎಲ್ಲಾದ್ರೂ ಪೈಪ್ ಲೀಕ್ ಆಗಿ ಗಾಳಿ ಒಳಗೆ ನುಗ್ಗಿದ್ರೆ ಆ ಗಾಳಿ ಲೆಕ್ಕಕ್ಕೇ ಬರಲ್ಲ, ಇಂಜಿನ್ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತೆ. ಟರ್ಬೋ ಗಾಳಿನ ಹೊರಗೆ ಬಿಡೋ ಬ್ಲೋ-ಆಫ್ ವಾಲ್ವ್ ಹಾಕಿದ್ರೆ ಉಲ್ಟಾ, ಅಳೆದಿರೋ ಗಾಳಿ ಹೊರಗೋಗಿ ಒಂದು ಕ್ಷಣ ರಿಚ್ (ಪೆಟ್ರೋಲ್ ಜಾಸ್ತಿ). ಸೆನ್ಸರ್ ಕೂರೋ ಪೈಪ್ ಸೈಜ್ ಬದಲಾಯಿಸಿದ್ರೆ ಹಳೇ ಕ್ಯಾಲಿಬ್ರೇಷನ್ ಕೆಲಸಕ್ಕೆ ಬರಲ್ಲ.

ಯಾವುದನ್ನ ಆರಿಸ್ಕೊಳ್ಳೋದು ಅಂದ್ರೆ, ನಿಮ್ಮ ಇಂಜಿನ್‌ನಲ್ಲಿ ಯಾವ ಸಿಗ್ನಲ್ ಸ್ಥಿರವಾಗಿದೆ ನೋಡಿ. ಐಡಲ್‌ನಲ್ಲೂ ನಿಧಾನ ಕ್ರೂಸ್‌ನಲ್ಲೂ ಲಾಗ್ ತಗೊಳ್ಳಿ, ಮ್ಯಾಪ್ ನೀಟಾಗಿದ್ರೆ ಸ್ಪೀಡ್ ಡೆನ್ಸಿಟಿ, ಇಲ್ಲಾಂದ್ರೆ ಆಲ್ಫಾ-ಎನ್ ಇಲ್ಲಾ ಎರಡರ ಬ್ಲೆಂಡ್.

ಆಮೇಲೆ ಟ್ಯೂನಿಂಗ್. ಮೊದಲು ಇಂಜೆಕ್ಟರ್ ಫ್ಲೋ, ಡೆಡ್ ಟೈಮ್ ಸರಿಯಾಗಿ ತುಂಬಿಸಿ. ಬ್ಯಾಟರಿ ವೋಲ್ಟೇಜ್ ಬಿದ್ರೆ ಡೆಡ್ ಟೈಮ್ ಏರುತ್ತೆ, ಒಂದೇ ನಂಬರ್ ಸಾಲಲ್ಲ, ಇದು ತಪ್ಪಿದ್ರೆ ವಿಇ ಟೇಬಲ್ ಪೂರ್ತಿ ಸುಳ್ಳಾಗುತ್ತೆ. ಇಂಜಿನ್ ಬಿಸಿಯಾದ ಮೇಲೆ ಕ್ಲೋಸ್ಡ್ ಲೂಪ್ (ಎಕ್ಸಾಸ್ಟ್ ನೋಡಿ ಇಸಿಯು ತಾನೇ ಪೆಟ್ರೋಲ್ ತಿದ್ದೋದು) ಆಫ್ ಮಾಡಿ, ಆಕ್ಸಲರೇಷನ್ ಎನ್‌ರಿಚ್‌ಮೆಂಟೂ (ಥ್ರಾಟಲ್ ಒತ್ತಿದಾಗ ಕೊಡೋ ಹೆಚ್ಚುವರಿ ಪೆಟ್ರೋಲ್) ಆಫ್, ಒಂದೊಂದು ಸೆಲ್‌ನಲ್ಲೂ ಸ್ವಲ್ಪ ಹೊತ್ತು ನಿಲ್ಸಿ ವೈಡ್‌ಬ್ಯಾಂಡ್ (ಎಕ್ಸಾಸ್ಟ್‌ನ ಆಕ್ಸಿಜನ್ ನೋಡಿ ಎಎಫ್‌ಆರ್, ಅಂದ್ರೆ ಗಾಳಿ-ಪೆಟ್ರೋಲ್ ಅನುಪಾತ ಹೇಳೋ ಸೆನ್ಸರ್) ಓದಿ. ಹೊಸ ವಿಇ ಬೇಕಂದ್ರೆ ಹಳೇ ವಿಇನ, ಬಂದ ಎಎಫ್‌ಆರ್ ಭಾಗಿಸು ಟಾರ್ಗೆಟ್ ಎಎಫ್‌ಆರ್‌ನಿಂದ ಗುಣಿಸಿ. ವಿಇ 60, ಟಾರ್ಗೆಟ್ 14.7, ಬಂದಿದ್ದು 16 ಅಂದ್ರೆ 65 ಚಿಲ್ಲರೆ ಹಾಕಿ. ಇಂಜಿನ್ ಮಿಸ್‌ಫೈರ್ ಆಗ್ತಿದ್ರೆ ಮಾತ್ರ ವೈಡ್‌ಬ್ಯಾಂಡ್ ಮಾತು ಕೇಳ್ಬೇಡಿ, ಉರಿಯದೇ ಬಂದ ಆಕ್ಸಿಜನ್ ನೋಡಿ ಅದು ಲೀನ್ ಅಂತ ಸುಳ್ಳು ಹೇಳುತ್ತೆ, ನೀವು ಪೆಟ್ರೋಲ್ ಸುರೀತಾನೇ ಇರ್ತೀರ. ಸ್ಪೀಡ್ ಡೆನ್ಸಿಟಿ ಆದ್ರೆ ಕೊನೇಲಿ ಬಿಸಿ ಗಾಡಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ನೋಡಿ, ಬಾನೆಟ್ ಬಿಸಿಗೆ ಏರ್ ಟೆಂಪರೇಚರ್ ಸೆನ್ಸರ್ ಕಾದು, ಗಾಳಿ ಇರೋದಕ್ಕಿಂತ ಬಿಸಿ ಅಂತ ತೋರ್ಸಿ ಇಸಿಯು ಪೆಟ್ರೋಲ್ ಕಡಿಮೆ ಮಾಡ್ಬಿಟ್ಟಿರುತ್ತೆ, ಹಾಗಾದ್ರೆ ವಿಇ ಮುಟ್ಟಬೇಡಿ, ಸೆನ್ಸರ್ ಜಾಗ ಬದಲಾಯಿಸಿ.