ಬಿಳಿ ಕರೆಯನ್ನು ಉಜ್ಜಬೇಡಿ, ನೆನೆಸಿ

ನಲ್ಲಿಯ ಬುಡದಲ್ಲಿ ಬಿಳಿ ಕರೆ ಕಟ್ಟಿದೆ ಅಂತ ಸ್ಟೀಲ್ ನಾರು ಹಿಡಿದು ಉಜ್ಜುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸೋಣ ಅನ್ನಿಸುತ್ತದೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದವಳು. ತೋಳು ನೋಯುತ್ತಿತ್ತು, ನಲ್ಲಿಯ ಹೊಳಪು ಹೋಗಿ ಗೀರು ಬೀಳುತ್ತಿತ್ತು, ಕರೆ ಮಾತ್ರ ಹದಿನೈದು ದಿನಕ್ಕೆ ಮತ್ತೆ ಹಾಜರ್. ಗೀರು ಬಿದ್ದ ಜಾಗದಲ್ಲಿ ಅದು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಅಂತ ಆಮೇಲೆ ಗೊತ್ತಾಯಿತು.

ಅದು ಕೊಳೆ ಅಲ್ಲ, ಕಲ್ಲು. ನೆಲದೊಳಗೆ ಸುಣ್ಣದ ಕಲ್ಲಿನ ನಡುವೆ ಹರಿದು ಬರುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕರಗಿಸಿಕೊಂಡು ಬರುತ್ತದೆ. ಅದೇ ಗಡಸು ನೀರು. ಉಪ್ಪು ನೀರು ಅಂತ ಕರೆಯುವುದೂ ಉಂಟು, ಆದರೆ ಇದು ಅಡುಗೆ ಉಪ್ಪಲ್ಲ. ನೀರು ಕಾದಾಗಲೋ ಒಣಗಿದಾಗಲೋ ಆ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಸೋಪಿಗೆ ಕಲ್ಲು ಕರಗುವುದಿಲ್ಲ. ಹುಳಿಗೆ ಕರಗುತ್ತದೆ. ಇದೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮ ನೀರು ಗಡಸು ಹೌದೋ ಅಲ್ಲವೋ ನೋಡಬೇಕಾದರೆ ಒಂದು ಬಾಟಲಿಗೆ ಅರ್ಧ ನೀರು ತುಂಬಿ, ಮೈ ಸೋಪಿನ ಒಂದೆರಡು ಚೂರು ಹಾಕಿ, ಚೆನ್ನಾಗಿ ಅಲುಗಾಡಿಸಿ. ಡಿಟರ್ಜೆಂಟ್ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ನೊರೆ ಏಳದೆ ನೀರು ಹಾಲಿನ ಹಾಗೆ ಕಲಕಿದರೆ ಗಡಸು ಅಂತಲೇ ಲೆಕ್ಕ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆದುಕೊಡುತ್ತಾರೆ. 60ರವರೆಗೆ ಮೃದು, 120 ದಾಟಿದರೆ ಗಡಸು, 180ರ ಮೇಲೆ ಹೋದರೆ ತುಂಬಾ ಗಡಸು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಟಿಡಿಎಸ್ ಮೀಟರ್ ಅದ್ದಿ ನೋಡಿ ಗಾಬರಿಯಾಗಬೇಡಿ. ಅದು ನೀರಿನಲ್ಲಿ ಕರಗಿದ ಬೇರೆ ಲವಣಗಳನ್ನೂ ಸೇರಿಸಿ ತೋರಿಸುತ್ತದೆ, ಗಡಸುತನವನ್ನಷ್ಟೇ ಅಲ್ಲ. ಕುಡಿಯುವುದರ ಬಗ್ಗೆ ಹೆದರಿಕೆ ಇದ್ದರೆ ಕೇಳಿ, ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕಾಗಿ ಮಿತಿಯನ್ನೇ ಹಾಕಿಲ್ಲ.

ಈಗ ನಲ್ಲಿಗೆ ಬರೋಣ. ಹಳೇ ಬಟ್ಟೆಯ ತುಂಡನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ, ಸ್ವಲ್ಪ ಹಿಂಡಿ, ಕರೆ ಇರುವ ಕಡೆ ಒತ್ತಾಗಿ ಸುತ್ತಿ. ಅದು ಒಣಗದಂತೆ ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ. ಅರ್ಧ ಗಂಟೆ ಬಿಟ್ಟು ಬಿಚ್ಚಿ ನೋಡಿ. ಉಗುರಿಗೂ ಬಗ್ಗದಿದ್ದ ಕರೆ ನೆಂದ ಸೀಮೆಸುಣ್ಣದ ಹಾಗಾಗಿರುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ ಆಡಿಸಿದರೆ ಬಂದುಬಿಡುತ್ತದೆ. ವಿನೆಗರ್ ಬಿದ್ದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅದನ್ನೇ ಗಮನಿಸಿ. ಗುಳ್ಳೆ ಏಳುತ್ತಿದೆ ಅಂದರೆ ಸುಣ್ಣ ಕರಗುತ್ತಿದೆ. ಗುಳ್ಳೆ ನಿಂತು ಕರೆ ಇನ್ನೂ ಉಳಿದಿದ್ದರೆ ಹುಳಿ ಸೋತಿದೆ ಅಂತ ಅರ್ಥ, ಹೊಸದಾಗಿ ಅದ್ದಿ ಕಟ್ಟಿ. ರಾತ್ರಿಯಿಡೀ ಮಾತ್ರ ಬಿಡಬೇಡಿ, ಹೊಳೆಯುವ ಲೇಪನ ಮಂಕಾಗುತ್ತದೆ. ಅರ್ಧರ್ಧ ಗಂಟೆಯಂತೆ ಎರಡು ಮೂರು ಸಲ ಮಾಡಿದರೂ ಪರವಾಗಿಲ್ಲ, ಕೊನೆಗೆ ಚೆನ್ನಾಗಿ ತೊಳೆದು ಒರೆಸಿ.

ನಲ್ಲಿಯಲ್ಲಿ ನೀರು ಸಣ್ಣಗೆ, ಅಡ್ಡಾದಿಡ್ಡಿ ಬರುತ್ತಿದ್ದರೆ ಬಾಯಲ್ಲಿರುವ ಜಾಲರಿಯನ್ನು ತಿರುಗಿಸಿ ಬಿಚ್ಚಿ. ಬಿಚ್ಚುವ ಮೊದಲು ಸಿಂಕಿನ ತೂತು ಮುಚ್ಚಿ, ಇಲ್ಲಾಂದ್ರೆ ಸಣ್ಣ ವಾಷರ್ ಒಳಗೆ ಹೋಗಿಬಿಡುತ್ತದೆ. ಒಳಗಿನ ಚೂರುಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಇಟ್ಟುಕೊಳ್ಳಿ. ಶವರ್‌ಗೂ ಇದೇ ಉಪಾಯ, ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದರ ತಲೆಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದರಾಯಿತು.

ನೀರು ಕಾಯಿಸುವ ಕೆಟಲ್, ಸ್ಟೀಲ್ ಪಾತ್ರೆಗಳಿಗೆ ನನಗೆ ನಿಂಬೆ ಉಪ್ಪೇ ಇಷ್ಟ, ಅಂದರೆ ಸಿಟ್ರಿಕ್ ಆ್ಯಸಿಡ್. ವಾಸನೆ ಇಲ್ಲ, ಪುಡಿಯಾಗಿ ಸಿಗುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಕರಗಿಸಿ ಅರ್ಧ ಗಂಟೆ ಬಿಡಿ. ಕುದಿಸಲು ಹೋಗಬೇಡಿ. ಜಾಸ್ತಿ ಬಿಸಿಯಾದರೆ ನಿಂಬೆ ಉಪ್ಪು ಸುಣ್ಣದ ಜೊತೆ ಸೇರಿ ಇನ್ನೊಂದು ಥರದ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ನೆನೆಹಾಕಬೇಡಿ.

ಇನ್ನೊಂದು ವಿಷಯ. ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸಿ ನೊರೆ ಎಬ್ಬಿಸುವುದನ್ನು ಎಲ್ಲರೂ ತೋರಿಸುತ್ತಾರೆ, ಅಲ್ವಾ? ನೋಡಲು ಚೆಂದ, ಕರೆಗೆ ಏನೂ ಆಗುವುದಿಲ್ಲ. ಸೋಡಾ ಹುಳಿಯನ್ನು ಕೊಲ್ಲುತ್ತದೆ. ನಮಗೆ ಬೇಕಾದ್ದೇ ಆ ಹುಳಿ! ಸುಮ್ನೆ ಎರಡನ್ನೂ ಚೆಲ್ಲಿದಂತೆ.

ಬಾತ್‌ರೂಮಿಗೆ ಸುರಿಯುವ ಆ್ಯಸಿಡ್ ವಿಷಯ ಹೇಳಲೇಬೇಕು. ಒಮ್ಮೆ ಹಬ್ಬದ ಗಡಿಬಿಡಿಯಲ್ಲೋ ಏನೋ, ಬೇಗ ಮುಗಿಯಲಿ ಅಂತ ಅದನ್ನೇ ನೆಲಕ್ಕೆ ಸುರಿದೆ. ಕರೆ ಹೋಯಿತು, ನಿಜ. ಅದರ ಜೊತೆ ಟೈಲ್ಸ್ ನಡುವಿನ ಸಿಮೆಂಟೂ ತಿಂದು ಹೋಯಿತು, ನೀರು ಹೋಗುವ ಕಡೆ ಇದ್ದ ಸ್ಟೀಲ್ ಜಾಲರಿ ಕಪ್ಪಾಯಿತು, ನನಗೆ ಎರಡು ದಿನ ಕೆಮ್ಮು. ಅವತ್ತಿನಿಂದ ಆ ಬಾಟಲಿ ಮನೆಯೊಳಗೆ ಬಂದಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬ್ಲೀಚ್ ಇರುವ ಯಾವುದೇ ದ್ರವದ ಜೊತೆ ಆ್ಯಸಿಡ್ ಆಗಲಿ, ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ ಸೇರಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಕುತ್ತು. ನಿನ್ನೆ ಬ್ಲೀಚ್ ಹಾಕಿದ್ದರೆ ಮೊದಲು ನೀರು ಹೊಯ್ದು ತೊಳೆಯಿರಿ. ಮಾರ್ಬಲ್ ನೆಲಕ್ಕೆ ವಿನೆಗರ್ ಕೂಡ ಬೇಡ. ಮಾರ್ಬಲ್ ಅಂದರೆ ಅದೇ ಸುಣ್ಣದ ಕಲ್ಲು, ಒಂದು ಹನಿ ಬಿದ್ದು ನಿಂತರೂ ಅಲ್ಲಿ ಹೊಳಪು ಹೋಗುತ್ತದೆ.

ಗೀಸರ್ ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಕಾಯುವಾಗ ಚಟಪಟ, ಗುಡುಗುಡು ಅಂತ ಸದ್ದು ಬಂದರೆ, ಮೊದಲಿಗಿಂತ ನೀರು ಬಿಸಿಯಾಗಲು ಜಾಸ್ತಿ ಹೊತ್ತು ಹಿಡಿದರೆ, ಕಾಯಿಲಿನ ಮೇಲೆ ಸುಣ್ಣ ಕಟ್ಟಿದೆ ಅಂತ ತಿಳಿಯಿರಿ. ಸುಣ್ಣದ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ, ಕಾಯಿಲ್ ತಾನೇ ಕಾದು ಕಾದು ಸುಟ್ಟುಹೋಗುತ್ತದೆ, ಕರೆಂಟೂ ದಂಡ. ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಕೂರುತ್ತದೆ, ಆದ್ದರಿಂದ 60 ಡಿಗ್ರಿ ದಾಟಿಸುವ ಅಗತ್ಯ ಇಲ್ಲ. ನೀರು ತುಂಬಾ ಗಡಸಾಗಿದ್ದರೆ ವರ್ಷಕ್ಕೊಮ್ಮೆ ಬಿಚ್ಚಿಸಿ ಶುಚಿ ಮಾಡಿಸಿ. ಒಳಗಿರುವ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಲು ಹೇಳಿ. ಟ್ಯಾಂಕು ತುಕ್ಕು ಹಿಡಿಯದಿರಲಿ ಅಂತ ಆ ಕಡ್ಡಿ ತಾನು ಸವೆಯುತ್ತದೆ, ಪೂರ್ತಿ ಸವೆದ ಮೇಲೆ ಟ್ಯಾಂಕಿನ ಸರದಿ. ಕರೆಂಟಿನ ಕೆಲಸ, ನೀವೇ ಬಿಚ್ಚಲು ಹೋಗಬೇಡಿ.

ಬಟ್ಟೆ ಒರಟಾಗುವುದು, ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುವುದು ಇದೇ ನೀರಿನಿಂದ. ಬಟ್ಟೆ ನೆನೆಹಾಕುವ ಬಕೆಟ್ಟಿಗೆ ಮೊದಲೇ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ ಇಡಿ. ನೀರು ಸ್ವಲ್ಪ ಕಲಕುತ್ತದೆ, ಸುಣ್ಣ ಬೇರೆಯಾಗಿದ್ದಕ್ಕೆ ಹಾಗೆ. ತಳಕ್ಕೆ ಕೂತ ಮೇಲೆ ಮೇಲಿನ ನೀರು ಬಳಸಿ. ರೇಷ್ಮೆಗೆ, ಉಣ್ಣೆಗೆ ಇದು ಬೇಡ. ಸ್ಫಟಿಕ (ಆಲಂ) ಹಾಕಿದರೆ ಆಗುತ್ತಾ ಅಂತ ಕೇಳುವವರಿದ್ದಾರೆ. ಸ್ಫಟಿಕ ಮಣ್ಣನ್ನು ತಳಕ್ಕೆ ಇಳಿಸುತ್ತದೆ, ಗಡಸುತನ ಹಾಗೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ನನ್ನ ಮನೆಯಲ್ಲಿ ಹೆಚ್ಚು ಕೆಲಸಕ್ಕೆ ಬಂದಿದ್ದು ಒಂದು ಒಣ ಬಟ್ಟೆ. ಬಾತ್‌ರೂಮಿನ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದೇನೆ. ಕೊನೆಯಲ್ಲಿ ಸ್ನಾನ ಮಾಡಿದವರು ನಲ್ಲಿ, ಕನ್ನಡಿ, ಗಾಜಿನ ಬಾಗಿಲು ಒರೆಸಿಯೇ ಹೊರಗೆ ಬರಬೇಕು. ಒಂದು ನಿಮಿಷದ ಕೆಲಸ. ನೀರು ಅಲ್ಲೇ ಆರಿದರೆ ತಾನೇ ಸುಣ್ಣ ಉಳಿಯುವುದು?

ಇಡೀ ಮನೆಗೆ ಸಾಫ್ಟನರ್ ಹಾಕಿಸುವ ಯೋಚನೆ ಇದ್ದರೆ ಹಾಕಿಸಿ, ಗೀಸರ್, ವಾಷಿಂಗ್ ಮಷೀನ್ ಎರಡಕ್ಕೂ ಒಳ್ಳೆಯದು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ, ಆಗಾಗ ಉಪ್ಪು ತುಂಬುತ್ತಿರಬೇಕು. ಆದ್ದರಿಂದ ಕುಡಿಯುವುದಕ್ಕೆ, ಗಿಡಗಳಿಗೆ ಸಾಫ್ಟನರ್ ದಾಟದ ನೀರು ಬರುವ ಒಂದು ನಲ್ಲಿ ಬೇರೆಯೇ ಇರಲಿ. ಪೈಪು ಹಾಕಲು ಬಂದ ದಿನವೇ ಇದನ್ನು ಹೇಳಿಬಿಡಿ, ಆಮೇಲೆ ಹೇಳಿದರೆ ಮತ್ತೆ ಗೋಡೆ ಒಡೆಯಬೇಕಾಗುತ್ತದೆ.